ರಾಡಿ ನೀರಿಗೆ ಚಿಲ್ಲದ ಬೀಜ

ಮಳೆಗಾಲದಲ್ಲಿ ಕೃಷ್ಣೆ, ತುಂಗಭದ್ರೆಯರಿಗೆ ಹೊಸ ನೀರು ಬಂತೆಂದರೆ ಅದರ ಬಣ್ಣ ಕೆಂಪು. ಈ ಎರಡು ನದಿಗಳ ನಡುವಿನ ಯರಗೇರಾ, ಮಾನ್ವಿ, ದೇವದುರ್ಗದ ಸೀಮೆಗೆ ನಲ್ಲಿ ಬರುವ ಮುನ್ನ ಹೊಳೆ, ಹಳ್ಳ, ಕೆರೆ, ಬಾವಿಗಳೇ ಗತಿ. ಹೀಗೆ ತಂದ ರಾಡಿ ನೀರನ್ನು ತಿಳಿಗೊಳಿಸಲು ದಕ್ಷಿಣ ಭಾರತದ ಜನ ಕಂಡುಕೊಂಡಿದ್ದ ಉಪಾಯಗಳಲ್ಲಿ ಚಿಲ್ಲದ ಬೀಜವೂ ಒಂದು.

ಚಿಲ್ಲ, ವಿಷದ ಕಾಸರಕನ ಹತ್ತಿರದ ಬಂಧು. ಆದರೆ ಇದರ ಹಣ್ಣಿನ ತಿರುಳನ್ನು ತಿನ್ನುತ್ತಾರೆ. ಗಡಿಯಾಚೆಯ ತೆಲುಗರಿಗೂ ಇದು 'ಚಿಲ್ಲ ಗಿಂಜ'ವೇ. ಮಣ್ಣಿನ ಗಡಿಗೆಯ ಒಳಮೈಗೆ ಬೀಜವನ್ನು ಚೆನ್ನಾಗಿ ಉಜ್ಜಿ ನೀರು ತುಂಬಿಟ್ಟರೆ ಕೆಸರು ತಳ ಸೇರುತ್ತದೆ. ಸಂಸ್ಕೃತದಲ್ಲಿ ಇದರ ಹೆಸರು ಕತಕ. ಬಾವಿಯ ಕೆಟ್ಟ ನೀರನ್ನು ಸರಿಪಡಿಸಲು ನೆಲ್ಲಿ, ಲಾವಂಚ, ಕೊನ್ನಾರಿಗೆಡ್ಡೆಗಳ ಜತೆ ಕತಕ ಬೆರೆಸಿ ಹಾಕುವಂತೆ 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆ. ಹೆಸರು ಹೇಳಿದ ಮಾತ್ರಕ್ಕೆ ಕತಕ ನೀರನ್ನು ತಿಳಿಗೊಳಿಸದು ಎಂಬ ಹೋಲಿಕೆ ಮನುಸ್ಮೃತಿಯಲ್ಲಿದೆ. ಬೀಜ ಎಲ್ಲರಿಗೂ ಪರಿಚಿತವಾಗಿರದಿದ್ದರೆ ಇಂಥ ಹೋಲಿಕೆ ಹುಟ್ಟುತ್ತಿತ್ತೇ?

ನೈಲ್ ನದಿಯ ಸುಡಾನಿನಲ್ಲಿ ಈ ಕೆಲಸಕ್ಕೆ ನುಗ್ಗೆ ಬೀಜ. ಅಲ್ಲಿನ ಹೆಂಗಸರ ಈ ಪದ್ಧತಿಯನ್ನು 1970ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಸಾಮಿಯಾ ಅಲ್ ಅಝಾರಿಯಾ ಯಾನ್ ಅಧ್ಯಯನ ಮಾಡಿದರು. ನೀರಿನಲ್ಲಿ ತೇಲುವ ಮಣ್ಣಿನ ಸೂಕ್ಷ್ಮ ಕಣಗಳಿಗೆ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂಡುತ್ತ ತಳಕ್ಕಿಳಿಯುವುದಿಲ್ಲ. ನುಗ್ಗೆ ಬೀಜದ ಪ್ರೋಟೀನಿಗೆ ಧನ ವಿದ್ಯುದಂಶ. ಅದು ಕಣಗಳನ್ನು ಒಟ್ಟುಗೂಡಿಸಿ ಮುದ್ದೆ ಕಟ್ಟಿಸುತ್ತದೆ. ಪಟ್ಟಣದ ನೀರು ಶುದ್ಧೀಕರಣ ಘಟಕಗಳಲ್ಲಿ ಪಟಿಕ ಮಾಡುವುದೂ ಇದನ್ನೇ.

ಕೆಸರಿನ ಜತೆ ಬಹುಪಾಲು ಬ್ಯಾಕ್ಟೀರಿಯಾಗಳೂ ಕೆಳಗಿಳಿಯುತ್ತವೆ, ಆದರೆ ಎಲ್ಲವೂ ಅಲ್ಲ. ಬೀಜದ ಸಾರ ನೀರಿನಲ್ಲಿಯೇ ಉಳಿಯುವುದರಿಂದ ಮೇಲುಳಿದವು ಅದನ್ನೇ ತಿಂದು ಮತ್ತೆ ಬೆಳೆಯುತ್ತವೆ. ಈ ನೀರನ್ನು ಬಹಳ ಹೊತ್ತು ಇಡಬಾರದೆನ್ನುವುದು ಅದಕ್ಕೇ. ರಾಯಚೂರು ಜಿಲ್ಲೆಯ ಎಷ್ಟೋ ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡ್ ಮಾತ್ರ ಬೇರೆಯೇ ಸಂಗತಿ. ಅದು ಕಣ್ಣಿಗೆ ಕಾಣದಂತೆ ನೀರಿನಲ್ಲಿ ಕರಗಿರುತ್ತದೆ. ಗಡಿಗೆಗೆ ಬೀಜ ಉಜ್ಜಿದ ಮಾತ್ರಕ್ಕೆ ಹೋಗದು. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು.

ತಿಳಿ ನೀರು ಬೇರೆ, ಕುಡಿಯಲು ಯೋಗ್ಯವಾದ ನೀರು ಬೇರೆ ಎಂಬ ಎಚ್ಚರ ಹಳಬರಿಗೂ ಇತ್ತೆನ್ನಬೇಕು. ಸುಶ್ರುತ ಸಂಹಿತೆಯಲ್ಲಿ ಬಗ್ಗಡ ತೆಗೆಯುವ 7 ಸಾಧನಗಳ ಪಟ್ಟಿಯ ಮೊದಲಿಗೇ ಕತಕವಿದೆ. ಆದರೆ ಕೆಟ್ಟ ನೀರನ್ನು ಬೆಂಕಿಯ ಮೇಲೆ ಕುದಿಸಬೇಕು, ಇಲ್ಲವೇ ಬಿಸಿಲಿಗೆ ಕಾಯಿಸಬೇಕು ಎಂಬುದನ್ನು ಆ ಗ್ರಂಥ ಬೇರೆಯಾಗಿಯೇ ಹೇಳುತ್ತದೆ.