ಎಪ್ಪತ್ತೆಂಟನ್ನು ಕೂಡಿಸುವ ಮುನ್ನ: ಸಂಶೋಧನಾ ವಿಧಾನದ ಬೋಧನೆಗೆ ಶಾಸನದ ನಿದರ್ಶನ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿ ಪಿಎಚ್‌.ಡಿ.ಗೆ ಕೋರ್ಸ್‌ವರ್ಕನ್ನು ಕಡ್ಡಾಯಗೊಳಿಸಿತು. ಅದರೊಂದಿಗೆ ಸಂಶೋಧನಾ ವಿಧಾನದ ಪತ್ರಿಕೆಯೂ ಬಂತು, ಬಂದದ್ದು ಒಳ್ಳೆಯದೇ. ಆದರೆ ಪ್ರಾಕ್ಕಲ್ಪನೆ ಎಂದರೇನು, ಆಕರಗಳಲ್ಲಿ ಎಷ್ಟು ವಿಧ ಎಂಬ ವ್ಯಾಖ್ಯೆಗಳಲ್ಲೇ ಅದು ಬಹುಮಟ್ಟಿಗೆ ಮುಗಿದುಹೋಗುತ್ತದೆ. ಆಕರವೊಂದರ ಜೊತೆ ಗುದ್ದಾಡದೆ ಕಲಿತ ವಿಧಾನ ಪರೀಕ್ಷೆಗೆ ಸಾಕಾದೀತು, ಸಂಶೋಧನೆಗೆ ಸಾಲದು ಎಂಬುದು ಈ ಲೇಖನದ ವಾದ.

ಕಾಲನಿರ್ಣಯವನ್ನೇ ನೋಡಬಹುದು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ. ಶಾಸನವೊಂದರಲ್ಲಿ ಶಕವರ್ಷ 1000, ಕಾಳಯುಕ್ತ ಸಂವತ್ಸರ ಎಂದಿದೆಯೆನ್ನೋಣ. ಕಾಳಯುಕ್ತ 1078-79ಕ್ಕೆ ಹೊಂದುವುದರಿಂದ ಅದು ಗತವರ್ಷದ ಎಣಿಕೆ. ಅದೇ ಸಂಖ್ಯೆಯ ಪಕ್ಕದಲ್ಲಿ ಪಿಂಗಳ ಎಂದಿದ್ದರೆ ವರ್ತಮಾನ ವರ್ಷ, ಅಂದರೆ 1077-78. ಇನ್ನು ಕಾಳಯುಕ್ತದ ಫಾಲ್ಗುಣವಾದರೆ ಇಸವಿ 1079 ಆಗಿಬಿಡುತ್ತದೆ. ತಿಥಿ ವಾರಗಳನ್ನು ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳಲ್ಲಿ ತಾಳೆ ನೋಡಿದಾಗ ಅವು ಹೊಂದದೆಯೂ ಹೋಗಬಹುದು. ಆಗ ಲಿಪಿಕಾರ ತಪ್ಪಿದನೇ, ಓದಿದವರು ತಪ್ಪಿದರೇ, ಶಾಸನವೇ ಕೂಟವೇ? ಆಕರ ವಿಮರ್ಶೆಯೆಂಬುದು ಶುರುವಾಗುವುದು ಇಲ್ಲಿ. ಹಲ್ಮಿಡಿ ಶಾಸನದಲ್ಲಂತೂ ಶಕವರ್ಷವೇ ಇಲ್ಲ. ಲಿಪಿ, ಭಾಷೆ, ಅರಸರ ಹೆಸರುಗಳಿಂದಲೇ ಕಾಲವನ್ನು ಊಹಿಸಬೇಕು.

ಅಚ್ಚಿನ ಪಾಠವನ್ನಷ್ಟೇ ಬಲ್ಲವರಿಗೆ ಈ ಸಂಶಯ ಹುಟ್ಟುವುದೇ ಕಷ್ಟ. ಪಡಿಯಚ್ಚು ತೆಗೆಯಲು ಕಲ್ಲು ತೊಳೆದು, ಅಕ್ಷರದ ಗೆರೆಗಳಲ್ಲಿ ಕೂತ ಮಣ್ಣು ತೆಗೆದು, ಒದ್ದೆ ಕಾಗದ ಹಾಸಿ ಬ್ರಷ್‌ನಿಂದ ಬಡಿಯಬೇಕು. ಕಾಗದ ತುಸು ಆರಿದ ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಏಳುತ್ತದೆ, ಕಲ್ಲಿನ ಬಿರುಕೂ ಏಳುತ್ತದೆ. ಸವೆದ ಪಕಾರವೋ ವಕಾರವೋ ಎಂದು ತಡಕಾಡಿದವನಿಗೆ ಸಂಪಾದಕರು ಹಾಕಿದ ಚೌಕ ಕಂಸದ ಬೆಲೆ ತಿಳಿಯುತ್ತದೆ. ಕಂಸವನ್ನು ಬಿಟ್ಟು ಉದ್ಧರಿಸುವವನು ಊಹೆಯನ್ನು ಪುರಾವೆಯಾಗಿ ದಾಟಿಸುತ್ತಾನೆ. ಯಾವ ಕೃತಿಚೌರ್ಯ ತಪಾಸಣೆಯ ತಂತ್ರಾಂಶವೂ ಇದನ್ನು ಹಿಡಿಯಲಾರದು.

ಹಾಗೆಂದು ಕೈಗೆಲಸವೇ ಸಂಶೋಧನೆಯಲ್ಲ, ಆಕರಕ್ಕೆ ಹಾಕುವ ಪ್ರಶ್ನೆಯೂ ಬೇಕು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು 1886ರಿಂದಲೇ ಬರತೊಡಗಿದ್ದವು. ರಾಜವಂಶಗಳ ಚರಿತ್ರೆಗೆ ಅವು ಧಾರಾಳವಾಗಿ ಒದಗಿದ್ದವು. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ (1966) ಅಂಥ ಸಾಮಗ್ರಿಗೇ ಜನಜೀವನದ ಪ್ರಶ್ನೆ ಹಾಕಿದರು. ಪ್ರಶ್ನೆ ಬದಲಾದಾಗ ಅರಸನ ಬಿರುದಿನಷ್ಟೇ ದತ್ತಿಯ ವಿವರವೂ ಮುಖ್ಯವಾಯಿತು.

ಪುರಾತತ್ವ ಇಲಾಖೆಗೋ ವಸ್ತುಸಂಗ್ರಹಾಲಯಕ್ಕೋ ಹೋಗುವವರಿಗೆ ಬೇಕಾದದ್ದೂ ಆಕರವನ್ನು ಹೀಗೆ ಪ್ರಶ್ನಿಸಿ ಓದುವ ಕಸುಬೇ. ಆದ್ದರಿಂದ ವಿಧಾನದ ಪತ್ರಿಕೆಯ ಅರ್ಧ ಅಂಕಗಳನ್ನಾದರೂ ಪಡಿಯಚ್ಚಿನ ಓದಿಗೆ ಮೀಸಲಿಡಬೇಕು. ವಿದ್ಯಾರ್ಥಿ ತನ್ನ ಪಾಠವನ್ನು ಅಚ್ಚಾದ ಪಾಠದ ಪಕ್ಕದಲ್ಲಿಟ್ಟು, ಭಿನ್ನವಾದೆಡೆಯಲ್ಲೆಲ್ಲ ಕಾರಣ ಬರೆಯಲಿ. ಅಂಕ ಸಲ್ಲಬೇಕಾದದ್ದು ಆ ಕಾರಣಗಳಿಗೆ.