ಡಿಚ್‌ಪಲ್ಲಿಯ ಡಾಕ್ಟರಮ್ಮ

ನಮ್ಮ ದಿಲ್‌ಸುಖ್‌ನಗರದಿಂದ ನಿಜಾಮಾಬಾದಿಗೆ ಹೋಗುವವರಿಗೆ ಡಿಚ್‌ಪಲ್ಲಿ ಅನ್ನುವ ಊರಿನ ಹೆಸರು ಗೊತ್ತಿರುತ್ತದೆ. ಇಲ್ಲಿಂದ 150 ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿನ ಗುಡ್ಡದ ಮೇಲಿನ ಹಳೆಯ ರಾಮನ ಗುಡಿಯನ್ನು ನೋಡಿಬಂದವರೂ ನಿಮ್ಮಲ್ಲಿ ಇರಬಹುದು. ಆದರೆ ನಾನು ಇವತ್ತು ಹೇಳಹೊರಟಿರುವುದು ಗುಡಿಯ ಕಥೆಯಲ್ಲ, ಅದೇ ಊರಿನ ಒಂದು ಆಸ್ಪತ್ರೆಯ ಕಥೆ. ನಮ್ಮ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಹಾಗಾಗಿ ಇದು ನಮಗೆ ಹೊರಗಿನ ಕಥೆಯೂ ಅಲ್ಲ.

ಇಸಬೆಲ್ ಕೆರ್ ಹುಟ್ಟಿದ್ದು 1875ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಹೆಂಗಸರು ಡಾಕ್ಟರಾಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1903ರಲ್ಲಿ ಪದವಿ ಪಡೆದರು. ಗಂಡ ಜಾರ್ಜ್ ಕೆರ್ ಮೆಥಡಿಸ್ಟ್ ಪಾದ್ರಿ. ಇಬ್ಬರೂ 1907ರಲ್ಲಿ ನಿಜಾಮರ ಸೀಮೆಗೆ ಬಂದರು. ನಿಜಾಮಾಬಾದಿನ ಕಡೆ ಕೆಲಸ ಶುರು ಮಾಡಿದ ಡಾಕ್ಟರಮ್ಮನ ಕಣ್ಣಿಗೆ ಬಿದ್ದದ್ದು ಕುಷ್ಠರೋಗಿಗಳು. ಅವರಿಗೆ ಊರಲ್ಲೂ ಜಾಗವಿರಲಿಲ್ಲ, ಆಸ್ಪತ್ರೆಯಲ್ಲೂ ಇರಲಿಲ್ಲ. 1911ರಲ್ಲಿ ಅವರಿಗಾಗಿಯೇ ಒಂದು ಆಶ್ರಯ ಶುರುವಾಯಿತು. ಸುದ್ದಿ ಹಬ್ಬಿದಂತೆ ಬರುವವರು ಹೆಚ್ಚಿದರು, ಜಾಗ ಸಾಲದಾಯಿತು.

ಆಗ ದುಡ್ಡು ಕೊಟ್ಟವರು ಯಾರು ಗೊತ್ತೇ? ರಾಜಾ ನರಸಾಗೌಡ್ ಅನ್ನುವ ಸ್ಥಳೀಯ ಹಿಂದೂ ಶ್ರೀಮಂತರು. ಅವರ ದಾನದ ಬಲದಿಂದ 1915ರಲ್ಲಿ ಡಿಚ್‌ಪಲ್ಲಿಯಲ್ಲಿ ವಿಕ್ಟೋರಿಯಾ ಆಸ್ಪತ್ರೆ ಎದ್ದುನಿಂತಿತು. ಮುಸ್ಲಿಂ ದೊರೆಯ ರಾಜ್ಯ, ಹಿಂದೂ ದಾನಿಯ ಹಣ, ಕ್ರೈಸ್ತ ಡಾಕ್ಟರಮ್ಮನ ಕೈ! ಈಗಿನ ದಿನಗಳಲ್ಲಿ ಇದನ್ನು ಒಂದು ಸಲ ಬಿಡಿಸಿ ಹೇಳಬೇಕು ಅನ್ನಿಸುತ್ತದೆ.

ಆಗಿನ ಔಷಧಿಯ ವಿಷಯವೂ ಸ್ವಾರಸ್ಯಕರ. ನಮ್ಮ ಪಶ್ಚಿಮ ಘಟ್ಟದಲ್ಲಿ ಗರುಡಫಲ ಅನ್ನುವ ಮರವಿದೆ, ಮಲಯಾಳಿಗಳು ಮರೋಟ್ಟಿ ಅನ್ನುತ್ತಾರೆ. ಈ ಮರದ ಮತ್ತು ಇದರ ಜಾತಿಯ ಬೇರೆ ಮರಗಳ ಬೀಜದ ಎಣ್ಣೆಯನ್ನು ಕುಷ್ಠಕ್ಕೆ ಕೊಡುವುದು ನಮ್ಮ ದೇಶದಲ್ಲಿ ಬಹಳ ಹಳೆಯ ಪದ್ಧತಿ. ಸುಶ್ರುತ ಸಂಹಿತೆಯಲ್ಲಿ ತುವರಕ ಎಂಬ ಹೆಸರಿನಲ್ಲಿ ಬರುತ್ತದೆ. ತೊಂದರೆ ಏನೆಂದರೆ, ಕುಡಿದರೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇದನ್ನು ಇಂಜೆಕ್ಷನ್ನಾಗಿ ಕೊಡುವ ಬಗೆ ರೂಢಿಗೆ ಬಂತು. ಕಲ್ಕತ್ತದಲ್ಲಿ ಲಿಯೊನಾರ್ಡ್ ರೋಜರ್ಸ್, ಅರ್ನೆಸ್ಟ್ ಮ್ಯೂರ್ ಅದರ ಮೇಲೆ ಕೆಲಸ ಮಾಡಿದರು. ದೂರದ ಹವಾಯಿಯಲ್ಲಿ 1915ರ ಸುಮಾರಿಗೆ ಆಲಿಸ್ ಬಾಲ್ ಎಂಬ ಕಪ್ಪು ಯುವತಿ ಈ ಎಣ್ಣೆಯನ್ನು ಇಂಜೆಕ್ಷನ್ನಿಗೆ ಒಗ್ಗುವ ಹಾಗೆ ಮಾರ್ಪಡಿಸಿದ್ದಳು. ಮ್ಯೂರ್ ಅವರ ವಿಧಾನವನ್ನು ಇಸಬೆಲ್ ಡಿಚ್‌ಪಲ್ಲಿಗೆ ತಂದರು. 1923ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕ ಬಂತು. 1932ರಲ್ಲಿ ತೀರಿಕೊಂಡರು.

ಆ ಎಣ್ಣೆ ರೋಗವನ್ನು ಪೂರ್ತಿ ಗುಣ ಮಾಡುತ್ತಿತ್ತು ಎಂದು ಈಗಿನ ವೈದ್ಯರು ಹೇಳುವುದಿಲ್ಲ. ಶುರುವಿನ ಹಂತದಲ್ಲಿದ್ದವರಿಗೆ ಅಷ್ಟಿಷ್ಟು ಅನುಕೂಲವಾಗಿರಬೇಕು ಅಷ್ಟೆ. ಆದರೂ ಅದರಿಂದ ಒಂದು ದೊಡ್ಡ ಬದಲಾವಣೆ ಆಯಿತು. ಅಲ್ಲಿಯವರೆಗೆ ಕುಷ್ಠದ ಆಶ್ರಯವೆಂದರೆ ಸಾಯುವವರೆಗೆ ಅನ್ನ ಹಾಕಿ ಇಟ್ಟುಕೊಳ್ಳುವ ಜಾಗ. ಇಂಜೆಕ್ಷನ್ ಬಂದಮೇಲೆ ಅದು ಬಂದು, ಗುಣವಾಗಿ, ಮನೆಗೆ ಹೋಗುವ ಜಾಗ ಆಗಬಹುದು ಎಂಬ ಆಸೆ ಹುಟ್ಟಿತು. ಅಂದರೆ ಆಶ್ರಮ ಹೋಗಿ ಆಸ್ಪತ್ರೆ ಆಯಿತು. ಈ ಎರಡು ಪದಗಳ ನಡುವೆ ಎಷ್ಟು ಅಂತರ ನೋಡಿ.

ನಮ್ಮ ಕರಾವಳಿಯವರಿಗೆ ಇಂಥದೇ ಇನ್ನೊಂದು ಕಥೆ ಗೊತ್ತು. ಜರ್ಮನಿಯಿಂದ ಬಂದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಶುರು ಮಾಡಿದರು. ಇವತ್ತು ಎಲ್ಲರೂ 'ಫಾದರ್ ಮುಲ್ಲರ್' ಅಂತ ಕರೆಯುವ ದೊಡ್ಡ ಆಸ್ಪತ್ರೆಯ ಬೇರು ಅಲ್ಲಿದೆ.

ಇಷ್ಟನ್ನೇ ಹೇಳಿ ಕೈಮುಗಿದು ನಿಲ್ಲಿಸಬಹುದಿತ್ತು. ಆದರೆ ಇತಿಹಾಸ ಅಷ್ಟು ಸಲೀಸಲ್ಲ. ಕರುಣೆಯ ಜೊತೆಜೊತೆಗೇ ಬೇಲಿಯೂ ಇತ್ತು. ಬ್ರಿಟಿಷ್ ಇಂಡಿಯಾದ 1898ರ ಕಾನೂನಿನಲ್ಲಿ ಬೀದಿಯಲ್ಲಿ ಭಿಕ್ಷೆ ಬೇಡುವ ಕುಷ್ಠರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿದು ಆಶ್ರಮಕ್ಕೆ ಕಳಿಸಬಹುದಿತ್ತು. ಒಳಗೆ ಹೆಂಗಸರು, ಗಂಡಸರು ಬೇರೆಬೇರೆ. ಎಷ್ಟೋ ಮಿಷನ್ ಆಶ್ರಮಗಳಲ್ಲಿ ಮಕ್ಕಳನ್ನೂ ತಂದೆತಾಯಿಯಿಂದ ಬೇರೆ ಇಡುತ್ತಿದ್ದರು. ಮಾತಿನಲ್ಲೂ ಬೇಲಿ. ಡಿಚ್‌ಪಲ್ಲಿಯ ಬಗ್ಗೆ 1938ರಲ್ಲಿ ಲಂಡನ್ನಿನಲ್ಲಿ ಬಂದ ಇಂಗ್ಲಿಷ್ ಪುಸ್ತಕದ ಹೆಸರೇ 'ಡಿಚ್‌ಪಲ್ಲಿಯ ಕುಷ್ಠರು' ಎಂಬ ಅರ್ಥದ್ದು. ಅವರ ಸೇವೆಯ ಪುಸ್ತಕದಲ್ಲೂ ಮನುಷ್ಯನಿಗಿಂತ ಮುಂದೆ ಅವನ ರೋಗ ಬಂದು ಕೂತಿದೆ!

ಒಳ್ಳೆಯ ಸಂಗತಿ ಎಂದರೆ ಈ ಪ್ರಶ್ನೆಯನ್ನು ಆಮೇಲೆ ಆ ವಲಯದವರೇ ಎತ್ತಿಕೊಂಡರು. 1948ರಲ್ಲಿ ಹವಾನಾದಲ್ಲಿ ನಡೆದ ಅಂತಾರಾಷ್ಟ್ರೀಯ ಕುಷ್ಠರೋಗ ಸಮ್ಮೇಳನ 'ಲೆಪರ್' ಎಂಬ ಪದವನ್ನೇ ಬಿಡಬೇಕು ಎಂದಿತು. 1874ರಲ್ಲಿ ವೆಲ್ಲೆಸ್ಲಿ ಬೇಲಿ ಶುರು ಮಾಡಿದ 'ಮಿಷನ್ ಟು ಲೆಪರ್ಸ್' ಸಂಸ್ಥೆ 1965ರಲ್ಲಿ 'ಲೆಪ್ರಸಿ ಮಿಷನ್' ಎಂದು ಹೆಸರು ಬದಲಿಸಿಕೊಂಡಿತು. ಬೈಬಲ್ ಪಂಡಿತರೂ ಒಂದು ಮುಖ್ಯ ಮಾತು ಹೇಳಿದರು. ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಪಾಳೆಯದ ಹೊರಗೆ ಇಡಬೇಕು ಎಂದಿರುವ ರೋಗಕ್ಕೆ ಹೀಬ್ರೂವಿನಲ್ಲಿ 'ತ್ಸಾರಾತ್' ಎಂಬ ಪದವಿದೆ. ಅದು ಬಟ್ಟೆಗೂ, ಮನೆಯ ಗೋಡೆಗೂ ಬರುತ್ತದಂತೆ! ಅಂದಮೇಲೆ ಅದು ಈಗಿನ ಕುಷ್ಠರೋಗವೇ ಆಗಿರಲಾರದು. ಅನುವಾದದ ಒಂದು ಪದದಿಂದ ಎಷ್ಟು ಜನರ ತಲೆಯ ಮೇಲೆ ಶಾಪ ಬಿತ್ತು ನೋಡಿ. ನಾವೂ ಏನು ಕಮ್ಮಿಯಿಲ್ಲ, ಹಿಂದಿನ ಜನ್ಮದ ಪಾಪ ಎಂದು ಹೇಳಿ ಕೈತೊಳೆದುಕೊಂಡವರು.

ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯದಲ್ಲಿ ಯೇಸು ಒಬ್ಬ ಕುಷ್ಠರೋಗಿಯನ್ನು ಗುಣಪಡಿಸುವ ಪ್ರಸಂಗವಿದೆ. ಅದರಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಗುಣವಾದ ಮೇಲೆ ಮುಟ್ಟಲಿಲ್ಲ, ಮೊದಲು ಮುಟ್ಟಿದ, ಆಮೇಲೆ ಗುಣವಾಯಿತು. ಎರಡು, ಹೋಗಿ ಯಾಜಕನಿಗೆ ತೋರಿಸಿಕೋ ಎಂದು ಕಳಿಸಿದ. ಯಾಜಕ ಒಪ್ಪಿದರೆ ಮಾತ್ರ ಆತ ಊರೊಳಗೆ ಹೋಗಬಹುದಿತ್ತು. ಅಂದರೆ ಮೈ ಗುಣವಾದರೆ ಸಾಲದು, ಊರು ಅವನನ್ನು ಮತ್ತೆ ಒಳಗೆ ಕರೆದುಕೊಳ್ಳಬೇಕು. ಉದಾರ ಮನಸ್ಸಿನ ಕ್ರೈಸ್ತರು ಈಗ ಒತ್ತಿ ಹೇಳುವುದು ಈ ಎರಡನೆಯ ಭಾಗವನ್ನು. ಅದನ್ನು ಒಪ್ಪಲು ನಾವು ಕ್ರೈಸ್ತರೇ ಆಗಿರಬೇಕಾಗಿಲ್ಲ. ನಮ್ಮ ಹೈದರಾಬಾದಿನಲ್ಲೇ ವನಪರ್ತಿ ಮನೆತನದ ರಾಣಿ ಕುಮುದಿನಿ ದೇವಿ 1958ರಲ್ಲಿ ಕೂಕಟ್‌ಪಲ್ಲಿಯಲ್ಲಿ ಕುಷ್ಠರೋಗಿಗಳಿಗಾಗಿ ಶಿವಾನಂದ ಪುನರ್ವಸತಿ ಕೇಂದ್ರ ಕಟ್ಟಿದರು.

ಮೈ ಗುಣವಾಗುವ ಕೆಲಸ ಈಗ ಹೆಚ್ಚುಕಡಿಮೆ ಮುಗಿದಿದೆ. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೂ 2023ರಲ್ಲಿ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದಲ್ಲೇ ಇದ್ದರು.

ಊರಿಗೆ ಸೇರಿಸಿಕೊಳ್ಳುವ ಕೆಲಸ ಮಾತ್ರ ಆಮೆಯ ನಡಿಗೆ. ಚುನಾಯಿತನಾದ ಪುರಸಭೆ ಸದಸ್ಯನೊಬ್ಬನ ಸ್ಥಾನ ಕುಷ್ಠದ ಕಾರಣಕ್ಕೆ ಹೋದಾಗ, ಒರಿಸ್ಸಾದ ಆ ಕಾನೂನನ್ನು 2008ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. 1898ರ ಕಾನೂನು ಪೂರ್ತಿ ರದ್ದಾಗಿದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಎಂದು ವಿಚ್ಛೇದನ ಕೇಳಬಹುದಾಗಿದ್ದ ಕಲಮುಗಳು ಹೋಗಿದ್ದು 2019ರಲ್ಲಿ. ಅಂದರೆ ಮೊನ್ನೆ ಮೊನ್ನೆ!

ನಾವೆಲ್ಲ ಊರು ಬಿಟ್ಟು ಬಂದವರು. ಕೆಲಸಕ್ಕೆ ಅಂತ ಬಂದೆವು, ಇಲ್ಲೇ ನೆಲೆಯಾದೆವು. ಆದರೂ ದಸರೆಗೋ, ಊರ ಜಾತ್ರೆಗೋ ಬಸ್ಸು ಹತ್ತಿದರೆ ಅಲ್ಲಿ ಯಾರೋ 'ಯಾವಾಗ ಬಂದ್ರಿ, ಬರ್ರಿ ಒಳಗ' ಅನ್ನುತ್ತಾರೆ. ಗುಣವಾಗಿಯೂ ಆ ಒಂದು ಮಾತು ಸಿಗದೆ ಆಸ್ಪತ್ರೆಯ ಸುತ್ತಮುತ್ತಲೇ ಬದುಕು ಕಳೆದವರು ಈ ದೇಶದ ಕುಷ್ಠ ಕಾಲೊನಿಗಳಲ್ಲಿ ಎಷ್ಟೋ ಜನ. ನಮ್ಮ ಸಾಯಿಬಾಬಾ ಗುಡಿಯ ಮುಂದೆ ಗುರುವಾರ ಬೆರಳಿಲ್ಲದ ಕೈ ಚಾಚಿದವರು ಕಂಡರೆ, ಅವರೂ ಯಾವುದೋ ಊರಿನವರು, ಅವರಿಗೂ ಒಂದು ಮನೆತನದ ಹೆಸರಿತ್ತು ಎಂದು ನೆನಪಿರಲಿ. ಚಿಲ್ಲರೆ ಹಾಕುವುದು ಬಿಡುವುದು ನಿಮ್ಮ ಇಷ್ಟ. ಯಾವ ಊರು ಅಂತ ಒಂದು ಮಾತು ಕೇಳಿ. ಚಿಕಿತ್ಸೆ ಆದವರಿಂದ ರೋಗ ಅಂಟುವುದಿಲ್ಲ.

ಹಾಗೇ ಇನ್ನೊಂದು. ಮನೆಯಲ್ಲಿ ಯಾರ ಮೈಮೇಲಾದರೂ ಸ್ಪರ್ಶ ಗೊತ್ತಾಗದ ಮಚ್ಚೆ ಕಂಡರೆ ಮುಚ್ಚಿಡಬೇಡಿ, ಬೇಗ ತೋರಿಸಿ. ಬೇಗ ಔಷಧಿ ಶುರುವಾದರೆ ಕೈಕಾಲು ಊನವಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಮುಚ್ಚಿಡುವ ಹಾಗೆ ಮಾಡುವುದು ನಾಚಿಕೆ. ಆ ನಾಚಿಕೆಯನ್ನು ಹುಟ್ಟಿಸಿದವರು ನಾವೇ ತಾನೆ?