ಔರಾದ್‌ನ ಅವ್ವನಿಗೆ ಮೆಸೇಜ್ ಕಳಿಸಿದ್ದು ಯಾವ ಸರ್ವರ್?

ಇವತ್ತಿನ ಎಪಿಸೋಡ್‌ನಲ್ಲಿ ಇತಿಹಾಸ ಅದ. ಬೀದರ್ ಕೋಟೆ, ಗವಾನ್ ಮದರಸಾ ಕತಿ ಇನ್ನೊಮ್ಮೆ ಹೇಳ್ತೀನಿ. ಇವತ್ತು ಕಂಪ್ಯೂಟರ್‌ಗಳ ಅಸಲಿ-ನಕಲಿ ಇತಿಹಾಸ. ಶುರು ಮಾಡೋದು ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಬೀದರ್ ನಗರದಲ್ಲಿ ರೈತರಿಗೆ ಸಾಲ ಕೊಡುವ ಒಂದು ಸಂಸ್ಥೆಯ ಸರ್ವರ್ ನೋಡಿಕೊಳ್ಳುತ್ತಿದ್ದೆ. ಹೆಸರು ಬೇಡ ಬಿಡ್ರಿ. ಭಾಲ್ಕಿ ಮತ್ತು ಔರಾದ್‌ನಲ್ಲಿ ಅದರ ಕೌಂಟರ್‌ಗಳಿದ್ದವು. ಒಂದು ಮಧ್ಯಾಹ್ನ ಔರಾದ್ ಕಡೆಯ ಹಳ್ಳಿಯಿಂದ ವಯಸ್ಸಾದ ಅವ್ವ ಒಬ್ಬರು ಬಸ್ ಹಿಡಿದು ಬಂದರು. ಕೈಯಲ್ಲಿ ಮೊಮ್ಮಗನ ಫೋನು.

“ತಮ್ಮಾ, ಹೋದ ತಿಂಗಳೇ ಎಲ್ಲಾ ರೊಕ್ಕ ಕಟ್ಟೀನಿ. ಮತ್ತ ಕಟ್ಟು ಅಂತ ಬಂದದ ನೋಡು. ಹೊಲ ಏನಾರ ಹೋಗ್ತದೇನು?”

ಖಾತೆ ತೆಗೆದು ನೋಡಿದೆ. ಬಾಕಿ ಸೊನ್ನೆ. ಮೆಸೇಜ್ ಹೋದ ದಾಖಲೆಯೂ ನಮ್ಮ ಸರ್ವರ್‌ನಲ್ಲಿ ಇರಲಿಲ್ಲ. ಆದರೆ ಅವ್ವನ ಫೋನಿನಲ್ಲಿ ನಮ್ಮ ಸಂಸ್ಥೆಯ ಹೆಸರಿನಲ್ಲೇ ಮೆಸೇಜ್ ಕುಂತಿತ್ತು.

ಅರ್ಧ ಗಂಟೆ ಹುಡುಕಿದ ಮೇಲೆ ತಲೆಗೆ ಹೊಳೆಯಿತು. ಹಿಂದಿನ ರಾತ್ರಿ ಹೊಸ ಸಾಫ್ಟ್‌ವೇರ್ ಪರೀಕ್ಷೆ ಮಾಡಲು ಎರಡು ತಿಂಗಳ ಹಳೆಯ ಬ್ಯಾಕಪ್‌ನಿಂದ ಸರ್ವರ್‌ನ ನಕಲು ಎಬ್ಬಿಸಿದ್ದೆ. ಆ ನಕಲಿನ ಲೆಕ್ಕದಲ್ಲಿ ಅವ್ವನ ಸಾಲ ಇನ್ನೂ ತೀರಿರಲಿಲ್ಲ. ಬೆಳಿಗ್ಗೆ 7 ಗಂಟೆಗೆ ಬಾಕಿದಾರರಿಗೆ ಮೆಸೇಜ್ ಕಳಿಸುವ ಕೆಲಸವೂ ಅದರೊಳಗೆ ಹಾಗೇ ಇತ್ತು. ತಾನು ನಕಲು ಅಂತ ಅದಕ್ಕೇನು ಗೊತ್ತು? ಎದ್ದಿತು, ಗಡಿಯಾರ ನೋಡಿತು, ತನ್ನ ಕೆಲಸ ಮಾಡಿತು.

ಇದಕ್ಕೆ ವರ್ಚುವಲ್ ಮಷಿನ್ ಅಂತಾರ, ಚುಟುಕಾಗಿ ವಿ.ಎಂ. ಒಂದೇ ಕಬ್ಬಿಣದ ಡಬ್ಬಿಯೊಳಗೆ ಹತ್ತು ಕಂಪ್ಯೂಟರ್‌ಗಳು ಬೇರೆಬೇರೆ ಇದ್ದಂತೆ ನಡೆಯುವ ವ್ಯವಸ್ಥೆ. ಪ್ರತಿಯೊಂದೂ ಕೊನೆಗೆ ಒಂದಿಷ್ಟು ಫೈಲ್. ಫೈಲ್ ಅಂದ ಮೇಲೆ ಕಾಪಿ ಮಾಡಬಹುದು.

ಮಜಾ ಅಂದ್ರ, ವಿ.ಎಂ. ಹುಟ್ಟಿ ಬೆಳೆದದ್ದರಲ್ಲೇ ಪರೀಕ್ಷೆಯ ಪಾಲು ದೊಡ್ಡದು. 1960ರ ದಶಕದಲ್ಲಿ ಅಮೆರಿಕದ ಐಬಿಎಂ ಕಂಪನಿಯ ಕೇಂಬ್ರಿಡ್ಜ್ ಕೇಂದ್ರದಲ್ಲಿ ಸಿಪಿ-40 ಎಂಬ ವ್ಯವಸ್ಥೆ ಕಟ್ಟಿದರು. ಆಗ ಒಂದು ಕಂಪ್ಯೂಟರ್ ಅಂದ್ರ ಒಂದು ಕೋಣೆ. ಹೊಸ ಆಪರೇಟಿಂಗ್ ಸಿಸ್ಟಂ ಪರೀಕ್ಷಿಸಬೇಕಾದರೆ ಎಲ್ಲರ ಕೆಲಸ ನಿಲ್ಲಿಸಬೇಕು. ಸುಳ್ಳು ಕಂಪ್ಯೂಟರ್ ಒಂದನ್ನು ಒಳಗೇ ಸೃಷ್ಟಿಸಿದರೆ, ಅದು ಕೆಟ್ಟರೂ ಬೇರೆಯವರ ಕೆಲಸಕ್ಕೆ ಧಕ್ಕೆ ಇಲ್ಲ. 1972ರಲ್ಲಿ ಐಬಿಎಂ ಇದನ್ನೇ ವಿಎಂ/370 ಅಂತ ಮಾರುಕಟ್ಟೆಗೆ ತಂದಿತು. 1999ರಲ್ಲಿ ವಿಎಂವೇರ್ ಕಂಪನಿ ಸಾಮಾನ್ಯ ಪಿಸಿಗೂ ತಂದಿತು. ಅದರಲ್ಲಿ ನಕಲು ಮಾಡಿದ ಮಷಿನ್ ಚಾಲೂ ಮಾಡಿದರೆ ಒಂದು ಪ್ರಶ್ನೆ ಬರ್ತದ: ಇದನ್ನು ಜಾಗ ಬದಲಿಸಿದಿರೋ, ಕಾಪಿ ಮಾಡಿದಿರೋ? ಕಾಪಿ ಅಂದರೆ ಹೊಸ ಗುರುತು ಕೊಡ್ತದ. ಆದರೆ ಅದು ಹೊರಗಿನ ಗುರುತು ಮಾತ್ರ. ಒಳಗಿನ ಹೆಸರು, ಪಾಸ್‌ವರ್ಡ್, ಫೋನ್ ನಂಬರ್ ಎಲ್ಲಾ ಅಸಲಿಯದೇ ಇರ್ತದ.

ಅಸಲಿ-ನಕಲಿ ಬೆರೆತರೆ ಏನಾಗ್ತದ? 1979ರ ನವೆಂಬರ್ 9ರಂದು ಉತ್ತರ ಅಮೆರಿಕದ ವಾಯುರಕ್ಷಣಾ ಕೇಂದ್ರ ನೋರಾಡ್‌ನ ಪರದೆಗಳ ಮೇಲೆ ಸೋವಿಯತ್ ಕ್ಷಿಪಣಿಗಳ ದೊಡ್ಡ ದಾಳಿ ಕಾಣಿಸಿತು. ತಾಲೀಮಿನ ಡೇಟಾ ಅಸಲಿ ವ್ಯವಸ್ಥೆಯೊಳಗೆ ನುಗ್ಗಿತ್ತು. ಉಪಗ್ರಹ ಮತ್ತು ರಡಾರ್‌ಗಳನ್ನು ಕೇಳಿದಾಗ ಅಲ್ಲಿ ಏನೂ ಇರಲಿಲ್ಲ. ಕೆಲವೇ ನಿಮಿಷಗಳಲ್ಲಿ ಜಗತ್ತು ಬಚಾವಾಯಿತು. ಆಮೇಲೆ ಪರೀಕ್ಷೆಗೆ ಅಂತ ಹೊರಗೆ ಬೇರೆಯದೇ ಕೇಂದ್ರ ಕಟ್ಟಿದರು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರ್‌ನ ಫೋಲ್ಡರ್ ಅಳಿಸಬೇಕಿತ್ತು. ಕಮಾಂಡ್ ಕೊಟ್ಟದ್ದು ಅಸಲಿ ಸರ್ವರ್‌ನಲ್ಲಿ. ಎರಡು ಕಿಟಕಿಗಳೂ ಒಂದೇ ಥರ ಕಾಣುತ್ತಿದ್ದವು. ಬ್ಯಾಕಪ್‌ಗಳು ಕೈಕೊಟ್ಟವು. ಕೊನೆಗೆ ಉಳಿಸಿದ್ದು ಯಾವುದು ಗೊತ್ತೇನು? ಸುಮಾರು 6 ಗಂಟೆ ಮುಂಚೆ ಪರೀಕ್ಷಾ ಸರ್ವರ್‌ಗೆ ಅಂತ ತೆಗೆದಿಟ್ಟ ನಕಲು. ಅಂದ್ರ ನಕಲು ದುಷ್ಮನ್ ಅಲ್ಲ. ಯಾವುದು ಯಾವುದು ಅಂತ ಗೊತ್ತಿರಬೇಕು, ಅಷ್ಟೇ.

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿ ಕೈಬರಹದ ಹಳೆಯ ಪಹಣಿ ಇರಬಹುದು, ನೋಡ್ರಿ. 2000ರ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಹಾಕಿತು. ಹೊಲ ಸುಮಾರು 67 ಲಕ್ಷ ರೈತರದ್ದು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕೌಂಟರ್‌ನಲ್ಲಿ ಪ್ರಿಂಟ್ ಸಿಗುತ್ತಿತ್ತು.

ಆಗ ಒಂದೇ ಹೊಲಕ್ಕೆ ಎರಡು ದಾಖಲೆ ಆದವು: ಗ್ರಾಮ ಲೆಕ್ಕಿಗರ ಪುಸ್ತಕ ಒಂದು, ಕಂಪ್ಯೂಟರ್ ಒಂದು. ಎರಡರಲ್ಲಿ ಬೇರೆಬೇರೆ ಹೆಸರಿದ್ದರೆ ಹೊಲ ಯಾರದು? ಸರ್ಕಾರ ಮಾಡಿದ್ದು ಸರಳ ಕೆಲಸ. ಮೊದಲು ಪ್ರಿಂಟ್ ತೆಗೆದು ಪುಸ್ತಕದ ಜೊತೆ ತಾಳೆ ನೋಡಿಸಿದರು. ತಾಲ್ಲೂಕಿನಲ್ಲಿ ವ್ಯವಸ್ಥೆ ಸಿದ್ಧವಾದ ಮೇಲೆ ಅಲ್ಲಿ ಕೈಬರಹದ ಪಹಣಿ ನಡೆಯುವುದಿಲ್ಲ ಅಂತ ಆದೇಶ ಹೊರಡಿಸಿದರು. ದಾಖಲೆ ಬದಲಿಸುವ ಸಿಬ್ಬಂದಿ ಬೆರಳಚ್ಚು ಕೊಟ್ಟರೇ ಸಾಫ್ಟ್‌ವೇರ್ ತೆರೆಯುವ ಹಾಗೆ ಮಾಡಿದರು.

ಗಮನಿಸಿ. ಯಾವುದು ಅಸಲಿ ಅಂತ ಕಾಗದ ತಾನೇ ಹೇಳಲಿಲ್ಲ. ಹೊರಗಿನ ಆದೇಶ ಹೇಳಿತು, ಮನುಷ್ಯನ ಬೆರಳು ಹೇಳಿತು. ಆದೇಶ, ಬೆರಳು ಎರಡನ್ನೂ ಫೈಲ್ ಜೊತೆ ಕಾಪಿ ಮಾಡಲು ಬರುವುದಿಲ್ಲ. ಸರ್ವರ್‌ನೊಳಗೆ “ನಾನೇ ಅಸಲಿ” ಅಂತ ಬರೆದಿಟ್ಟರೆ ನಕಲಿನಲ್ಲೂ ಅದೇ ಬರ್ತದ. ಅದಕ್ಕೇ ಗುರುತು ಹೊರಗಿರಬೇಕು.

ನಾವೂ ಅದನ್ನೇ ಮಾಡಿದೆವು. ಪರೀಕ್ಷೆಯ ಮಷಿನ್‌ಗಳಿಗೆ ಬೇರೆ ನೆಟ್‌ವರ್ಕ್, ಅಲ್ಲಿಂದ ಮೆಸೇಜ್ ಕಳಿಸುವ ದಾರಿಯೇ ಬಂದ್. ನಕಲು ಮಾಡಿದ ಕೂಡಲೇ ರೈತರ ಹೆಸರು, ಫೋನ್ ನಂಬರ್ ಅಳಿಸಿ ಸುಳ್ಳು ನಂಬರ್. ಅಸಲಿ ಸರ್ವರ್‌ನ ಪರದೆ ಕೆಂಪು, ಪರೀಕ್ಷೆಯದು ಹಸಿರು. ಎಲ್ಲಕ್ಕಿಂತ ಮುಖ್ಯ, ಹೊರಗಿನ ಪಟ್ಟಿಯಲ್ಲಿ ತನ್ನ ಗುರುತು ಸಿಗುವ ತನಕ ಪ್ರತಿ ಮಷಿನ್ ತಾನು ನಕಲು ಅಂತಲೇ ತಿಳಿದು ಸುಮ್ಮನಿರಬೇಕು. ಅನುಮಾನ ಬಂದರೆ ಬಾಯಿ ಮುಚ್ಚು ಅನ್ನೋ ನಿಯಮ.

ಆ ದಿನ ಅವ್ವನಿಗೆ ಬಾಕಿ ಇಲ್ಲ ಅಂತ ಬರೆದು, ಸಹಿ-ಸಿಕ್ಕ ಹಾಕಿಸಿ ಕೊಟ್ಟೆ. ಮೆಸೇಜ್ ಹೋಗಿದ್ದ ಭಾಲ್ಕಿ, ಔರಾದ್‌ನ ಮಂದಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ತಪ್ಪಾಯ್ತು ಅಂದೆ. ಬಸ್ ಚಾರ್ಜ್ ಕೊಡಲು ಹೋದರೆ ಅವ್ವ ತಗೊಳ್ಳಲಿಲ್ಲ. ಕಾಗದವನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡು ಕೇಳಿದರು:

“ಇದರ ಅಸಲಿ ಅದ ಅಲಾ ತಮ್ಮಾ?”

ಹೌದವ್ವಾ ಅಂದೆ. ಆಮೇಲೆ ಹೋಗಿ ಮತ್ತೊಮ್ಮೆ ನೋಡಿ ಬಂದೆ.